ಕೆನಡಾದ ಬಸ್ಸು ಹೋಯ್ತು, ಕಮಲಾಪುರದ್ದಾದರೂ ಉಳೀಲಿ

ಕಲಬುರಗಿಯಲ್ಲಿ ಓಣಿಗೊಬ್ಬರು ಕೆನಡಾದಲ್ಲಿದ್ದಾರೆ ಅಂದ್ರೆ ಸ್ವಲ್ಪ ಜಾಸ್ತಿ ಹೇಳಿದಂಗಾಗಬಹುದು. ಆದರೆ ಕೆನಡಾದ ಸುದ್ದಿ ಬರದ ಮದುವೆ ಮನೆ ಈಗ ಕಡಿಮೆ. ಯಾರದೋ ಅಳಿಯ ಟೊರೊಂಟೊದಲ್ಲಿ, ಯಾರದೋ ತಂಗಿ ಬ್ರ್ಯಾಂಪ್ಟನ್ನಿನಲ್ಲಿ. ಮಾತು ಎಲ್ಲಿಂದ ಶುರುವಾದರೂ ಬಂದು ನಿಲ್ಲೋದು ಒಂದೇ ಕಡೆ: "ಅಲ್ಲಿ ರೋಡ್ ನೋಡ್ಬೇಕ್ರಿ, ಬಸ್ ನೋಡ್ಬೇಕ್ರಿ, ನಮ್ದೇನ್ ಊರ ಅದ ತಗೋರಿ!"

ಈ ಮಾತು ಕೇಳಿದಾಗೆಲ್ಲ ನನ್ನದೊಂದು ತಕರಾರು ಇದ್ದೇ ಇರುತ್ತದೆ. ಕೆನಡಾದಿಂದ ಕಲಿಯೋದು ಭಾಳ ಇದೆ, ಖರೇ. ಆದರೆ ಅವರ ಹತ್ತಿರ ಇರೋದಕ್ಕಿಂತ ಅವರು ಕಳಕೊಂಡದ್ದನ್ನು ನೋಡಿ ಕಲಿಯೋದು ಇನ್ನೂ ಜಾಸ್ತಿ ಇದೆ. ಅವರು ಕಳಕೊಂಡದ್ದು ನಮ್ಮ ಹತ್ತಿರ ಇನ್ನೂ ಇದೆ, ಪುಕ್ಕಟೆ ಸಿಕ್ಕ ಮಾಲಿನ ಹಾಗೆ ಅದಕ್ಕೆ ನಾವು ಬೆಲೆ ಕೊಡ್ತಿಲ್ಲ. ಇವತ್ತಿನ ಬರಹ ಅದರ ಬಗ್ಗೆ. ಸ್ವಲ್ಪ ಉದ್ದ ಆಗಬಹುದು, ಚಹಾ ತಗೊಂಡು ಕೂಡ್ರಿ :-)

ಮೊದಲು ಅಲ್ಲಿ ಚೆನ್ನಾಗಿರೋದನ್ನ ಹೇಳಿಬಿಡ್ತೀನಿ, ಇಲ್ಲಾಂದ್ರೆ ಅಲ್ಲಿರುವ ಗೆಳೆಯರು ಸಿಟ್ಟಾಗ್ತಾರೆ.

ಟೊರೊಂಟೊದ ಸಿಟಿ ಬಸ್ಸಿನ ಮೂತಿಗೆ ಒಂದು ಕಬ್ಬಿಣದ ಸ್ಟ್ಯಾಂಡ್ ಇರುತ್ತದೆ. ಅದರ ಮೇಲೆ ಎರಡು ಸೈಕಲ್ ಕೂರುತ್ತವೆ. ಮನೆಯಿಂದ ಸೈಕಲ್ ತುಳಿದುಕೊಂಡು ಸ್ಟಾಪಿಗೆ ಬರೋದು, ಸ್ಟ್ಯಾಂಡ್ ಕೆಳಗಿಳಿಸಿ ಸೈಕಲ್ ಏರಿಸೋದು, ಒಳಗೆ ಹೋಗಿ ಕೂಡೋದು. ಇಳಿಯೋ ಕಡೆ ಸೈಕಲ್ ಇಳಿಸಿಕೊಂಡು ಆಫೀಸಿಗೆ ಹೊರಟುಬಿಡೋದು. ಸೈಕಲ್ಲಿಗೆ ಬೇರೆ ಟಿಕೆಟ್ ಇಲ್ಲ. 2018ರ ಆಗಸ್ಟಿನಿಂದ ಇನ್ನೊಂದು ಅನುಕೂಲ ಆಯಿತು. ಕಾರ್ಡಿನಲ್ಲಿ ಒಮ್ಮೆ ಹಣ ಕಟ್ಟಿದರೆ ಎರಡು ತಾಸಿನೊಳಗೆ ಎಷ್ಟು ಸಲ ಬೇಕಾದರೂ ಇಳಿದು ಹತ್ತಬಹುದು. ನಡುವೆ ಇಳಿದು ಕಾಯಿಪಲ್ಲೆ ತಗೊಂಡು ಮತ್ತೊಂದು ಬಸ್ ಹಿಡಿಯಬಹುದು. 2024ರ ಫೆಬ್ರವರಿಯಿಂದ ಅಕ್ಕಪಕ್ಕದ ಬ್ರ್ಯಾಂಪ್ಟನ್, ಮಿಸ್ಸಿಸಾಗಾ ಊರುಗಳ ಬಸ್ಸಿನಿಂದ ಟೊರೊಂಟೊದ ಬಸ್ಸು, ಸುರಂಗ ರೈಲಿಗೆ ಬದಲಾಯಿಸಿದರೂ ಎರಡನೇ ಸಲ ದುಡ್ಡು ಕೊಡಬೇಕಿಲ್ಲ. ಇಳಿಯುವಾಗ ಜನ ಡ್ರೈವರಿಗೆ ಥ್ಯಾಂಕ್ಸ್ ಹೇಳಿ ಇಳಿಯುತ್ತಾರಂತೆ. ನಮ್ಮಲ್ಲಿ ಬಸ್ಸಿನ ತಗಡಿಗೆ ಎರಡು ಸಲ ಬಡಿದು "ರೈಟ್ ರೈಟ್" ಅಂತೀವಿ. ಅದೂ ಒಂಥರ ಥ್ಯಾಂಕ್ಸೇ ಅಂತ ನನ್ನ ಅಂಬೋಣ.

ಸೈಕಲ್ ಹೊರುವ ಬಸ್ಸಿನ ವಿಷಯ ಕೇಳಿ ನಮ್ಮ ಹುಡುಗರು ಬಾಯಿ ತೆರೀತಾರೆ. ಆದರೆ ನಲವತ್ತು ದಾಟಿದವರು ಯಾರಾದರೂ ಇದ್ದರೆ ಸ್ವಲ್ಪ ನೆನಪು ಮಾಡ್ಕೊಳ್ಳಿ. ನಮ್ಮ ಕೆಂಪು ಬಸ್ಸಿನ ಹಿಂದೆ ಒಂದು ಏಣಿ ಇರ್ತಿತ್ತು. ಮೇಲೆ ಕ್ಯಾರಿಯರ್ ಇರ್ತಿತ್ತು. ಜೋಳದ ಚೀಲ, ಬಾಳೆಗೊನೆ, ಮದುವೆಯ ಟ್ರಂಕು, ಅದರ ಪಕ್ಕ ಹಗ್ಗ ಕಟ್ಟಿ ಮಲಗಿಸಿದ ಒಂದು ಸೈಕಲ್ಲು. ಕಂಡಕ್ಟರ್ ಲಗೇಜ್ ಟಿಕೆಟ್ ಹರೀತಿದ್ದ, ಒಬ್ಬ ಮೇಲೆ ಹತ್ತಿ ಇನ್ನೊಬ್ಬ ಕೆಳಗಿನಿಂದ ಎತ್ತಿ ಕೊಡ್ತಿದ್ದ. ಯಾವ ದೇಶದ ತಜ್ಞರೂ ಬಂದು ನಮಗೆ ಹೇಳಿಕೊಟ್ಟಿರಲಿಲ್ಲ. ಬಸ್ಸಿಗೂ ಸೈಕಲ್ಲಿಗೂ ನಂಟು ಮಾಡಿಸೋದು ನಮಗೆ ಗೊತ್ತಿತ್ತು. ಈಗಿನ ಬಸ್ಸುಗಳಲ್ಲಿ ಏಣಿ ಹೋಯ್ತು, ಕ್ಯಾರಿಯರೂ ಹೋಯ್ತು, ಆ ನಂಟೂ ಹೋಯ್ತು.

ಬಾಡಿಗೆ ಸೈಕಲ್ಲಿನ ಕಥೆಯೂ ಅಷ್ಟೇ. ಕೆನಡಾದ ಮಾಂಟ್ರಿಯಲ್ ಊರಿನಲ್ಲಿ 2009ರಲ್ಲಿ ಬಿಕ್ಸಿ ಅಂತ ಬಾಡಿಗೆ ಸೈಕಲ್ ವ್ಯವಸ್ಥೆ ಶುರುವಾಯಿತು. ರಸ್ತೆ ಬದಿಯ ಸ್ಟ್ಯಾಂಡಿನಿಂದ ಸೈಕಲ್ ತಗೊಂಡು ಬೇಕಾದ ಕಡೆ ಬಿಡೋದು. ನಮ್ಮ ರಾಜ್ಯದಲ್ಲೂ 2017ರಲ್ಲಿ ಮೈಸೂರಿನಲ್ಲಿ ಟ್ರಿಣ್ ಟ್ರಿಣ್ ಬಂತು. ಪೇಪರಿನವರು ದೊಡ್ಡ ದೊಡ್ಡ ಫೋಟೋ ಹಾಕಿದರು. ಒಳ್ಳೇದೇ. ಆದರೆ ನಾವು ಸಣ್ಣವರಿದ್ದಾಗ ಕಮಲಾಪುರದಂಥ ಊರಲ್ಲೂ ಸೈಕಲ್ ಅಂಗಡಿಯಲ್ಲಿ ತಾಸಿನ ಲೆಕ್ಕಕ್ಕೆ ಬಾಡಿಗೆ ಸೈಕಲ್ ಸಿಗ್ತಿತ್ತಲ್ರಿ! ಮಡ್‌ಗಾರ್ಡಿನ ಮೇಲೆ ಬಿಳಿ ಪೇಂಟಿನಲ್ಲಿ ನಂಬರ್. ಗೋಡೆ ಗಡಿಯಾರ ನೋಡಿ ನೋಟ್‌ಬುಕ್ಕಿನಲ್ಲಿ ಹೆಸರು, ಹೊತ್ತು ಬರಕೊಳ್ಳೋದು. ಆಧಾರ್ ಕಾರ್ಡು ಬೇಡ, ಆ್ಯಪ್ ಬೇಡ. "ಯಾರ ಮಗ?" ಅಂತ ಕೇಳಿದರೆ ಮುಗೀತು, ಅದೇ ಡಿಪಾಜಿಟ್ಟು. ಹತ್ತು ನಿಮಿಷ ತಡವಾದರೆ ಅರ್ಧ ತಾಸಿನ ದುಡ್ಡು ಹಿಡೀತಿದ್ದರು, ಆ ಜಗಳ ಬೇರೆ :-)

ಇಷ್ಟು ಹಳೇ ಪುರಾಣ ಸಾಕು. ಈಗ ಮುಖ್ಯ ಮಾತಿಗೆ ಬರೋಣ.

ಕೆನಡಾ ಅಂದ್ರೆ ನಮ್ಮ ತಲೆಯಲ್ಲಿ ಟೊರೊಂಟೊ, ವ್ಯಾಂಕೂವರ್ ಅಷ್ಟೇ. ಆದರೆ ಕಲಬುರಗಿಯವರಿಗೆ ಕೆನಡಾದ ಇನ್ನೊಂದು ಭಾಗದ ಪರಿಚಯ ಇರಲೇಬೇಕು. ಅದರ ಹೆಸರು ಸಾಸ್ಕಾಚುವಾನ್. ಯಾಕೆ ಅಂದ್ರೆ ನಾವು ತೊಗರಿ ಕಣಜದವರು, ಅವರು ಮಸೂರ ಮತ್ತು ಬಟಾಣಿ ಕಣಜದವರು. 2023ರ ಡಿಸೆಂಬರಿನಲ್ಲಿ ಕೇಂದ್ರ ಸರಕಾರ ಹಳದಿ ಬಟಾಣಿಯ ಆಮದು ಸುಂಕ ತೆಗೆದಾಗ ನಮ್ಮ ತೊಗರಿ ರೈತರು ಹೊಟ್ಟೆ ಉರಕೊಂಡರಲ್ಲ, ಆ ಬಟಾಣಿ ಬೆಳೆಯುವ ದೊಡ್ಡ ಪ್ರಾಂತಗಳಲ್ಲಿ ಅದೂ ಒಂದು. ಕರ್ನಾಟಕದ ಮೂರು ಪಟ್ಟಿಗಿಂತ ದೊಡ್ಡ ನೆಲ, ಜನ ಮಾತ್ರ ಸುಮಾರು 11 ಲಕ್ಷ (2016ರ ಲೆಕ್ಕ). 2011ರ ಜನಗಣತಿಯಲ್ಲಿ ನಮ್ಮ ಕಲಬುರಗಿ ಜಿಲ್ಲೆಯೊಂದರಲ್ಲೇ 25 ಲಕ್ಷಕ್ಕಿಂತ ಹೆಚ್ಚು ಜನ ಇದ್ದರು. ನೆಲ ಸಪಾಟು, ಊರಿಂದ ಊರಿಗೆ ದೂರ ದೂರ, ಬೇಸಾಯವೇ ಬದುಕು.

ಅಲ್ಲಿ 1946ರಿಂದ ಒಂದು ಸರಕಾರಿ ಬಸ್ ಸಂಸ್ಥೆ ಇತ್ತು. ನಮ್ಮ ಕೆಂಪು ಬಸ್ಸಿನ ಸಂಸ್ಥೆಯ ಹಾಗೇ, ಸರಕಾರದ್ದೇ. 250ಕ್ಕೂ ಹೆಚ್ಚು ಊರು ಮುಟ್ಟುತ್ತಿತ್ತು. ಜನರ ಜೊತೆ ಪಾರ್ಸೆಲ್ಲು, ಟ್ರ್ಯಾಕ್ಟರಿನ ಬಿಡಿಭಾಗ, ಆಸ್ಪತ್ರೆಯ ಔಷಧಿ ಎಲ್ಲ ಹೊರುತ್ತಿತ್ತು. 2017ರ ಬಜೆಟ್ಟಿನಲ್ಲಿ ಅಲ್ಲಿಯ ಸರಕಾರ ಲೆಕ್ಕ ಹಾಕ್ತು: ಮುಂದಿನ ಐದು ವರ್ಷ ನಡೆಸಬೇಕಾದರೆ ಸುಮಾರು 8.5 ಕೋಟಿ ಡಾಲರ್ ಸಹಾಯಧನ ಬೇಕು, ಬಸ್ ಹತ್ತುವವರು ಕಡಿಮೆಯಾಗ್ತಿದ್ದಾರೆ, ಸಾಕು. 2017ರ ಮೇ 31ಕ್ಕೆ ಕೊನೇ ಬಸ್ಸು ಓಡಿತು. 71 ವರ್ಷದ ಸಂಸ್ಥೆ ಒಂದು ಬಜೆಟ್ ಭಾಷಣದಲ್ಲಿ ಮುಗೀತು.

ಆಮೇಲೆ ಯಾರಿಗೆ ಬಿಸಿ ತಟ್ಟಿತು? ಕಾರು ಇದ್ದವರಿಗಲ್ಲ. ವಯಸ್ಸಾಗಿ ಗಾಡಿ ಓಡಿಸೋದು ಬಿಟ್ಟ ಅಜ್ಜಿಗೆ. ಕ್ಯಾನ್ಸರ್ ಚಿಕಿತ್ಸೆಗೆ ಸಾಸ್ಕಟೂನ್, ರೆಜೈನಾ ಊರಿಗೆ ಹೋಗಿ ಬರಬೇಕಾದ ರೋಗಿಗೆ. ಕಾರು ಇಲ್ಲದ ಮೂಲನಿವಾಸಿ ಜನರಿಗೆ. ಖಾಸಗಿಯವರು ಬಂದು ಜಾಗ ತುಂಬ್ತಾರೆ ಅಂತ ಕೆಲವರು ಅಂದಿದ್ದರು. ಖಾಸಗಿಯವರ ಪೈಕಿ ಎಲ್ಲರಿಗಿಂತ ದೊಡ್ಡದು ಗ್ರೇಹೌಂಡ್ ಕಂಪನಿ. ಅದೇ 2018ರ ಅಕ್ಟೋಬರ್ ಕೊನೆಗೆ ಪಶ್ಚಿಮ ಕೆನಡಾದ ಬಸ್ಸುಗಳನ್ನು ಹೆಚ್ಚುಕಮ್ಮಿ ಪೂರ್ತಿ ನಿಲ್ಲಿಸಿತು. 2021ರ ಮೇ ತಿಂಗಳಲ್ಲಿ ಇಡೀ ಕೆನಡಾದಿಂದಲೇ ಗಂಟುಮೂಟೆ ಕಟ್ಟಿತು.

ಬಸ್ಸಿಲ್ಲದ ರಸ್ತೆ ಏನು ಮಾಡ್ತದೆ ಅನ್ನೋದಕ್ಕೆ ಇನ್ನೂ ಭಯಂಕರ ಉದಾಹರಣೆ ಬ್ರಿಟಿಷ್ ಕೊಲಂಬಿಯಾ ಪ್ರಾಂತದಲ್ಲಿದೆ. ಅಲ್ಲಿ 16ನೇ ನಂಬರಿನ ಹೆದ್ದಾರಿಯ ಪ್ರಿನ್ಸ್ ಜಾರ್ಜ್, ಪ್ರಿನ್ಸ್ ರೂಪರ್ಟ್ ನಡುವಿನ 700 ಚಿಲ್ಲರೆ ಕಿ.ಮೀ. ರಸ್ತೆಗೆ ಜನ ಇಟ್ಟ ಹೆಸರು 'ಕಣ್ಣೀರಿನ ಹೆದ್ದಾರಿ'. ದಶಕಗಳಿಂದ ಆ ದಾರಿಯಲ್ಲಿ ಹೆಣ್ಣುಮಕ್ಕಳು ಕಾಣೆಯಾಗುತ್ತಾ, ಕೊಲೆಯಾಗುತ್ತಾ ಬಂದರು. ಅವರಲ್ಲಿ ಹೆಚ್ಚಿನವರು ಮೂಲನಿವಾಸಿಗಳು. ಬಸ್ಸು ಇಲ್ಲ, ಸ್ವಂತ ಗಾಡಿ ಇಲ್ಲ, ರಸ್ತೆ ಬದಿಗೆ ನಿಂತು ಬಂದ ಗಾಡಿಗೆ ಕೈ ಮಾಡೋದೊಂದೇ ದಾರಿ. ಯಾರ ಗಾಡಿ, ಯಾರಿಗೆ ಗೊತ್ತು? 2006ರಲ್ಲಿ ಈ ಬಗ್ಗೆ ದೊಡ್ಡ ಸಭೆ ಸೇರಿ ಮಾಡಿದ ಶಿಫಾರಸುಗಳಲ್ಲಿ ಒಂದು ಬಹಳ ಸರಳ ಇತ್ತು: ಈ ದಾರಿಗೆ ಬಸ್ ಬಿಡಿ. ಅದು ಬಂದದ್ದು 2017ರಲ್ಲಿ. ಜಗತ್ತಿನ ಶ್ರೀಮಂತ ದೇಶಗಳಲ್ಲಿ ಒಂದಕ್ಕೆ ಒಂದು ಬಸ್ ಬಿಡೋದಕ್ಕೆ ಹನ್ನೊಂದು ವರ್ಷ ಬೇಕಾಯಿತು.

ಇದನ್ನು ಓದಿದ ದಿನದಿಂದ ಹಳ್ಳಿ ಬಸ್ಸನ್ನು ನಾನು ನೋಡುವ ಕಣ್ಣೇ ಬೇರೆಯಾಗಿದೆ.

*

ಈಗ ನಮ್ಮೂರಿಗೆ ಬರ್ರಿ.

ಗೊತ್ತಿಲ್ಲದವರಿಗೆ ಹೇಳ್ತೀನಿ, ಕಮಲಾಪುರ ಇರೋದು ಕಲಬುರಗಿಯಿಂದ ಹುಮನಾಬಾದ ರಸ್ತೆಯಲ್ಲಿ ಸುಮಾರು 35 ಕಿ.ಮೀ. ದೂರಕ್ಕೆ. ಕೆಂಪು ಬಾಳೆಹಣ್ಣಿನ ಊರು, ಅದಕ್ಕೆ ಜಿಐ ಮಾನ್ಯತೆಯೂ ಇದೆ. 2018ರಲ್ಲಿ ತಾಲೂಕು ಆಯಿತು. ಕಲಬುರಗಿ-ಬೀದರ್ ರೈಲು ಮಾರ್ಗ 2017ರ ಅಕ್ಟೋಬರಿನಲ್ಲಿ ಪೂರ್ತಿಯಾದಾಗ ಕಮಲಾಪುರಕ್ಕೂ ರೈಲ್ವೆ ಸ್ಟೇಶನ್ ಬಂತು. ಆದರೆ ದಿನಾ ಓಡಾಡುವವರಿಗೆ ಇವತ್ತಿಗೂ ಗತಿ ಬಸ್ಸೇ.

ಬೆಳಿಗ್ಗೆ ಮಹಾಗಾಂವ ಕ್ರಾಸಿನಲ್ಲಿ ನಿಂತು ನೋಡಿದರೆ ಒಂದು ತಾಲೂಕು ಹೇಗೆ ಬದುಕ್ತದೆ ಅಂತ ತಿಳೀತದೆ. ಪಿಯುಸಿ, ಡಿಗ್ರಿ ಹುಡುಗಿಯರು. ಗಾರೆ ಕೆಲಸಕ್ಕೆ ಹೊರಟವರು. ಕಾಯಿಪಲ್ಲೆ ಬುಟ್ಟಿ. ಜಿಮ್ಸ್ ಆಸ್ಪತ್ರೆಗೆ, ಜಯದೇವಕ್ಕೆ, ಕಿದ್ವಾಯಿ ಕೇಂದ್ರಕ್ಕೆ ಹೊರಟ, ಕೈಯಲ್ಲಿ ಎಕ್ಸರೇ ಕವರ್ ಹಿಡಿದ ಮುದುಕರು. ಕಿಟಕಿಯಿಂದ ಟವಲ್ ಒಗೆದು ಸೀಟು ಹಿಡಿಯುವ ನಮ್ಮ ಪುರಾತನ ರಿಸರ್ವೇಶನ್ ಪದ್ಧತಿ ಇನ್ನೂ ಜಾರಿಯಲ್ಲಿದೆ. ಗದ್ದಲ, ಬೈಗುಳ, ಬೆವರು ಎಲ್ಲ ಇದೆ. ಆದರೆ ಬಸ್ ಬರ್ತದೆ. ಸಾಸ್ಕಾಚುವಾನಿನ ಅಜ್ಜಿಗೆ ಬರದ ಬಸ್ಸು ಓಕಳಿಯ ಅಜ್ಜಿಗೆ ಬರ್ತದೆ. ಈ ಒಂದು ಸಾಲನ್ನು ಕೆನಡಾದ ರಸ್ತೆ ಹೊಗಳುವವರ ಮುಂದೆ ಇಟ್ಟು ನೋಡ್ರಿ.

ನಮ್ಮ ಭಾಗದ ಬಸ್ಸಿಗೆ ಬೇರೆ ಸಂಸ್ಥೆಯಾದದ್ದು 2000ದಲ್ಲಿ. ಈಶಾನ್ಯ ಸಾರಿಗೆ ಅಂತಿದ್ದದ್ದು 2021ರಲ್ಲಿ ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮ ಆಯಿತು. ಅದರ ಕೇಂದ್ರ ಕಚೇರಿ ಬೆಂಗಳೂರಲ್ಲಲ್ಲ, ನಮ್ಮ ಕಲಬುರಗಿಯಲ್ಲೇ ಇದೆ. ಎಷ್ಟೋ ವಿಷಯಕ್ಕೆ 'ಬೆಂಗಳೂರಿನವರು ನಮ್ಮನ್ನು ಮರೆತರು' ಅಂತೀವಿ. ಬಸ್ಸಿನ ವಿಷಯದಲ್ಲಿ ಆ ಮಾತು ಪೂರ್ತಿ ನಡೆಯೋದಿಲ್ಲ. ಕೇಳಬೇಕಾದವರು ನಾವು, ಕೇಳಿಸಿಕೊಳ್ಳಬೇಕಾದವರು ಇದೇ ಊರಲ್ಲಿದ್ದಾರೆ.

2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂತು, ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ಟಿಲ್ಲ. 2025ರ ಜುಲೈ ಹೊತ್ತಿಗೆ ರಾಜ್ಯದಲ್ಲಿ ಹೀಗೆ ಪ್ರಯಾಣ ಮಾಡಿದ ಲೆಕ್ಕ 500 ಕೋಟಿ ದಾಟಿತು. ಈ ಯೋಜನೆ ಬಗ್ಗೆ ಪರ-ವಿರೋಧ ಭಾಳ ಇದೆ. "ಹೆಂಗಸರು ಸುಮ್ಮನೆ ತಿರುಗಾಡ್ತಾರೆ" ಅಂತ ಗೊಣಗುವ ಗಂಡಸರು ನನ್ನ ಬಳಗದಲ್ಲೂ ಇದ್ದಾರೆ. ಅವರಿಗೆ ನನ್ನ ಪ್ರಶ್ನೆ: ಗಂಡಸರು ಇಷ್ಟು ವರ್ಷ ಸುಮ್ಮನೆ ತಿರುಗಾಡಲಿಲ್ಲವೇ? ಕಣ್ಣೀರಿನ ಹೆದ್ದಾರಿಯ ಕಥೆ ಓದಿದ ಮೇಲೆ, ದುಡ್ಡಿಲ್ಲ ಅನ್ನುವ ಕಾರಣಕ್ಕೆ ಯಾವ ಹುಡುಗಿಯೂ ಕಂಡ ಗಾಡಿಗೆ ಕೈ ಮಾಡಬಾರದು ಅನ್ನೋದು ನನಗೆ ಸಣ್ಣ ಸಂಗತಿಯಾಗಿ ಕಾಣೋದಿಲ್ಲ.

ಹಾಗಂತ ಎಲ್ಲ ಸರಿ ಇದೆ ಅಂತಲ್ಲ. ಟಿಕೆಟ್ ಪುಕ್ಕಟೆ ಆದ ಮಾತ್ರಕ್ಕೆ ಬಸ್ಸು ಬರ್ತದೆ ಅಂತಲ್ಲ. ಹತ್ತುವವರು ಹೆಚ್ಚಾದ ಮೇಲೆ ಬಸ್ಸೂ ಹೆಚ್ಚಾಗಬೇಕು. ಸರಕಾರ ಹೆಣ್ಣುಮಕ್ಕಳ ಟಿಕೆಟ್ಟಿನ ದುಡ್ಡನ್ನು ನಿಗಮಗಳಿಗೆ ಹೊತ್ತಿಗೆ ಸರಿಯಾಗಿ ತುಂಬಿಕೊಡಬೇಕು. ಇಲ್ಲದಿದ್ದರೆ ಆಗೋದು ಸಾಸ್ಕಾಚುವಾನಿನ ದಾರಿಯೇ, ಸ್ವಲ್ಪ ನಿಧಾನವಾಗಿ ಅಷ್ಟೇ. ಬಸ್ಸು ಒಂದೇ ದಿನ ಸಾಯೋದಿಲ್ಲ. ಮೊದಲು ಹಳ್ಳಿಯ ರಾತ್ರಿ ವಸ್ತಿ ಬಸ್ಸು ಹೋಗ್ತದೆ. ಆಮೇಲೆ ಮಧ್ಯಾಹ್ನದ ಟ್ರಿಪ್ಪು. ಆಮೇಲೆ "ರೋಡ್ ಸರಿ ಇಲ್ಲ" ಅಂತ ಒಳಗಿನ ಹಳ್ಳಿ ಬಿಟ್ಟು ಕ್ರಾಸಿನಲ್ಲೇ ತಿರುಗಿಸೋದು. ಆಮೇಲೆ ಜನ ಟಂಟಂ, ಕ್ರೂಸರ್ ಹಿಡೀತಾರೆ, ಇಲ್ಲ ಸಾಲ ಮಾಡಿ ಬೈಕ್ ತರ್ತಾರೆ. ಕೊನೆಗೆ ಯಾರೋ ಲೆಕ್ಕ ತೆಗೆದು "ಈ ರೂಟಿಗೆ ಪ್ಯಾಸೆಂಜರೇ ಇಲ್ಲ" ಅಂತಾರೆ. ಪ್ಯಾಸೆಂಜರ್ ಇರಲಿಲ್ಲ ಅಂತ ಬಸ್ ಹೋಯ್ತೋ, ಬಸ್ ಇರಲಿಲ್ಲ ಅಂತ ಪ್ಯಾಸೆಂಜರ್ ಹೋದರೋ, ಆಗ ಯಾರೂ ಕೇಳೋದಿಲ್ಲ.

"ನಿಗಮ ಲಾಸ್‌ನಲ್ಲಿದೆ" ಅನ್ನೋ ಮಾತು ಬಂದೇ ಬರ್ತದೆ. ಸರಕಾರಿ ಶಾಲೆಯೂ ಲಾಸ್‌ನಲ್ಲಿದೆ, ಯಾವ ಹೆಡ್ ಮಾಸ್ತರೂ ಲಾಭ ತೋರಿಸಿಲ್ಲ. ರಸ್ತೆಯೂ ಲಾಸೇ. ಬಸ್ಸಿನ ಲೆಕ್ಕ ಬರೆಯುವಾಗ ಡೀಸೆಲ್ಲಿನ ಖರ್ಚು ಬರೀತಾರೆ. ಬಸ್ಸಿಲ್ಲದೆ ಕಾಲೇಜು ಬಿಟ್ಟ ಹುಡುಗಿಯ ಖರ್ಚು ಯಾರ ಪುಸ್ತಕದಲ್ಲೂ ಇರೋದಿಲ್ಲ.

*

ಇಲ್ಲಿಗೆ ಸೈಕಲ್ ಯಾಕೆ ಬಂತು ಅಂತ ಕೇಳಬಹುದು. ನನ್ನ ಲೆಕ್ಕದಲ್ಲಿ ಬಸ್ ಉಳೀಬೇಕಾದರೆ ಸೈಕಲ್ ಬೇಕು.

ಒಂದು ಸಣ್ಣ ಗಣಿತ ನೋಡ್ರಿ. ಒಬ್ಬ ಮನುಷ್ಯ ಬಸ್ ಹಿಡಿಯೋದಕ್ಕೆ ಹದಿನೈದು ನಿಮಿಷ ನಡೀತಾನೆ ಅಂತ ಇಟ್ಕೊಳ್ಳೋಣ. ಹೆಚ್ಚುಕಮ್ಮಿ ಒಂದು ಕಿ.ಮೀ. ಆಯಿತು. ಅದೇ ಹದಿನೈದು ನಿಮಿಷ ಸೈಕಲ್ ತುಳಿದರೆ ಮೂರು ಕಿ.ಮೀ. ಆರಾಮಾಗಿ ಆಗ್ತದೆ. ದೂರ ಮೂರು ಪಟ್ಟು ಅಂದ್ರೆ ಬಸ್ ಸ್ಟಾಪಿನ ಸುತ್ತಲಿನ ಪ್ರದೇಶ ಒಂಬತ್ತು ಪಟ್ಟು. ಹೆದ್ದಾರಿಯಲ್ಲಿ ದಿನವಿಡೀ ಬಸ್ಸು ಓಡ್ತಾವೆ. ಒಳಗಿನ ಹಳ್ಳಿಗೆ ಬರೋದು ಕಡಿಮೆ. ಹಳ್ಳಿ ಬಸ್ಸು ತಪ್ಪಿದರೆ ದಿನವೇ ತಪ್ಪಿತು. ಆದರೆ ಕೈಯಲ್ಲಿ ಸೈಕಲ್ ಇದ್ದರೆ ಹೆದ್ದಾರಿಯ ಪ್ರತಿಯೊಂದು ಬಸ್ಸೂ ನಿಮ್ಮೂರ ಬಸ್ಸೇ. ಹೊಸ ಬಸ್ ಕೊಳ್ಳದೆ, ಹೊಸ ಡ್ರೈವರ್ ನೇಮಿಸದೆ, ಒಂದು ಲೀಟರ್ ಡೀಸೆಲ್ ಸುಡದೆ ಬಸ್ಸಿನ ಉಪಯೋಗ ಇಷ್ಟು ಹೆಚ್ಚಿಸುವ ಇನ್ನೊಂದು ಉಪಾಯ ಇದ್ದರೆ ಹೇಳಿ.

ಒಂದು ಕಾಲಕ್ಕೆ ನಮ್ಮ ಸರಕಾರಕ್ಕೂ ಇದು ಹೊಳೆದಿತ್ತು. 2006-07ರಲ್ಲಿ ಶಾಲೆ ಮಕ್ಕಳಿಗೆ ಪುಕ್ಕಟೆ ಸೈಕಲ್ ಕೊಡುವ ಯೋಜನೆ ಶುರುವಾಗಿ, ಮುಂದೆ ಎಂಟನೇ ತರಗತಿಯ ಮಕ್ಕಳಿಗೆಲ್ಲ ಅದು ಸಿಕ್ಕಿತು. ಸೈಕಲ್ಲಿನ ಗುಣಮಟ್ಟದ ಬಗ್ಗೆ ಜೋಕುಗಳಿದ್ದವು. ಮನೆಗೆ ತರೋ ಮೊದಲೇ ನಟ್ಟು ಬಿಗಿಸಬೇಕು ಅಂತಿದ್ದರು. ಆದರೂ ಹಳ್ಳಿ ರಸ್ತೆಯಲ್ಲಿ ಎರಡು ಜಡೆ ಕಟ್ಟಿಕೊಂಡು ಸಾಲಾಗಿ ಸೈಕಲ್ ತುಳಿಯುವ ಹುಡುಗಿಯರನ್ನು ಮೊದಲ ಸಲ ನೋಡಿದಾಗ ನನಗಂತೂ ಯಾವುದೋ ದೊಡ್ಡ ಕೆಲಸ ಆಗ್ತಿದೆ ಅನಿಸಿತ್ತು. ಅದಕ್ಕೂ ಮೊದಲು ನಮ್ಮ ಕಡೆ ಹುಡುಗಿ ಸೈಕಲ್ ಹತ್ತಿದರೆ ಓಣಿಯೇ ಬಾಗಿಲಿಗೆ ಬಂದು ನಿಲ್ತಿತ್ತು. ಕೋವಿಡ್ ಕಾಲಕ್ಕೆ ಆ ಯೋಜನೆ ನಿಂತುಹೋಯಿತು. ಯಾರೂ ದೊಡ್ಡ ಗಲಾಟೆ ಮಾಡಲಿಲ್ಲ. ಅದೇ ಕಾಲಕ್ಕೆ, 2020ರ ಜೂನ್ 3ರಂದು, ನಮ್ಮ ಅಪ್ಪಂದಿರ ಕಾಲದ ಅಟ್ಲಾಸ್ ಸೈಕಲ್ ಕಂಪನಿಯ ಸಾಹಿಬಾಬಾದ್ ಕಾರ್ಖಾನೆಯೂ ಮುಚ್ಚಿತು. ಅವತ್ತು ವಿಶ್ವ ಸೈಕಲ್ ದಿನ, ನೋಡ್ರಿ ಕರ್ಮ.

"ಕಲಬುರಗಿ ಬಿಸಿಲಲ್ಲಿ ಸೈಕಲ್ಲಾ? ತಲೆ ಸರಿ ಅದಾ?" ಇದು ಎಲ್ಲರ ಮೊದಲ ಆಕ್ಷೇಪ. ಬಿಸಿಲು ಸುಳ್ಳಲ್ಲ. ಏಪ್ರಿಲ್-ಮೇ ತಿಂಗಳಲ್ಲಿ 42, 43 ಡಿಗ್ರಿ ನಮಗೆ ಹೊಸದಲ್ಲ. ಸರಕಾರವೇ ನಮ್ಮ ಭಾಗದ ಕಚೇರಿಗಳನ್ನು ಆ ಎರಡು ತಿಂಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ ಒಂದೂವರೆಗೆ ಮುಗಿಸ್ತದೆ. ಆದರೆ ವರ್ಷದಲ್ಲಿ ಉಳಿದ ಹತ್ತು ತಿಂಗಳಿವೆ, ದಿನದಲ್ಲಿ ಬೆಳಿಗ್ಗೆ ಸಂಜೆ ಅಂತ ಇವೆ. ಕಾಲೇಜು ಹುಡುಗಿ ಬಸ್ ಹಿಡಿಯೋದು ಬೆಳಿಗ್ಗೆ ಎಂಟಕ್ಕೆ, ಮಟಮಟ ಮಧ್ಯಾಹ್ನ ಅಲ್ಲ. ಇನ್ನು ಮಾಂಟ್ರಿಯಲ್ಲಿನಲ್ಲಿ ಚಳಿಗಾಲದಲ್ಲಿ ಸೊನ್ನೆಗಿಂತ ಹತ್ತಿಪ್ಪತ್ತು ಡಿಗ್ರಿ ಕೆಳಗೆ ಹೋಗ್ತದೆ. ಬಿಕ್ಸಿ ಮೊದಲು ಚಳಿಗಾಲಕ್ಕೆ ಬಾಗಿಲು ಹಾಕ್ತಿತ್ತು, 2023ರ ಚಳಿಗಾಲದಿಂದ ಅದನ್ನೂ ಓಡಿಸಿ ನೋಡಿದರು. ಅಲ್ಲಿ ಸೈಕಲ್ ದಾರಿಯ ಹಿಮ ತೆಗೀತಾರೆ. ಇಲ್ಲಿ ಹಿಮ ತೆಗೆಯುವ ಖರ್ಚಿಲ್ಲ, ಬೇವಿನ ಗಿಡ ನೆಟ್ಟರೆ ಸಾಕು. ರಸ್ತೆ ಅಗಲ ಮಾಡುವಾಗ ಕಡಿದ ಮರಗಳಷ್ಟನ್ನು ಮತ್ತೆ ನೆಟ್ಟು ಬೆಳೆಸಿದರೂ ಅರ್ಧ ಬಿಸಿಲು ಕಡಿಮೆ ಅನಿಸ್ತದೆ.

ನನಗನಿಸೋದು, ನಿಜವಾದ ಅಡ್ಡಿ ಬಿಸಿಲಲ್ಲ, ಮರ್ಯಾದೆ. ಸೈಕಲ್ ಅಂದ್ರೆ ಬಡವನ ಗಾಡಿ. ಸೂಪರ್ ಮಾರ್ಕೆಟ್ಟಿಗೆ ನೌಕರಿ ಇದ್ದವನೊಬ್ಬ ಸೈಕಲ್ ಮೇಲೆ ಬಂದರೆ "ಯಾಕ್ರಿ, ಗಾಡಿ ರಿಪೇರಿಗೆ ಕೊಟ್ಟೀರೇನು?" ಅಂತ ಕೇಳ್ತಾರೆ. ಅದೇ ಮನುಷ್ಯ ಟೊರೊಂಟೊದಲ್ಲಿ ಹೆಲ್ಮೆಟ್ ಹಾಕಿಕೊಂಡು ಸೈಕಲ್ ಮೇಲೆ ನಿಂತ ಫೋಟೋ ಕಳಿಸಿದರೆ "ಸೂಪರ್ ಸರ್" ಅಂತಾರೆ. ಸೈಕಲ್ ಅದೇ, ಮನುಷ್ಯನೂ ಅದೇ, ಬದಲಾಗಿದ್ದು ಹಿಂದಿನ ಗೋಡೆ ಮಾತ್ರ :-)

ಅಲ್ಲೂ ಸೈಕಲ್ಲಿಗೆ ಜಾಗ ಸುಮ್ಮನೆ ಸಿಕ್ಕಿಲ್ಲ ಅನ್ನೋದನ್ನೂ ಹೇಳಬೇಕು. ಟೊರೊಂಟೊದ ಬ್ಲೂರ್ ರಸ್ತೆಯಲ್ಲಿ ಸೈಕಲ್ ದಾರಿ 2016ರಲ್ಲಿ ಪರೀಕ್ಷೆಗೆ ಅಂತ ಬಂದು 2017ರಲ್ಲಿ ಖಾಯಂ ಆಯಿತು. 2024ರ ನವೆಂಬರಿನಲ್ಲಿ ಒಂಟಾರಿಯೊ ಸರಕಾರ ಟ್ರಾಫಿಕ್ ಜಾಮ್ ನೆಪ ಹೇಳಿ ಅಂಥ ದಾರಿಗಳನ್ನು ಕೀಳಲು ಕಾನೂನನ್ನೇ ತಂತು. ಸೈಕಲ್ಲಿನವರು ಕೋರ್ಟಿಗೆ ಹೋದರು. 2025ರ ಜುಲೈನಲ್ಲಿ ಕೋರ್ಟು, ಹೀಗೆ ಕಿತ್ತುಹಾಕೋದು ಜೀವದ ಹಕ್ಕು, ಭದ್ರತೆಯ ಹಕ್ಕಿಗೆ ವಿರುದ್ಧ ಅಂತ ತೀರ್ಪು ಕೊಟ್ಟಿತು. ಸರಕಾರ ಮೇಲ್ಮನವಿ ಹಾಕಿತು. ಅಂದ್ರೆ ಅವರು ಇವತ್ತು ಜಗಳಾಡಿ ಉಳಿಸಿಕೊಳ್ಳುತ್ತಿರುವುದನ್ನು ನಾವು ನಾಚಿಕೆ ಪಟ್ಟು ಗುಜರಿಗೆ ಹಾಕ್ತಿದ್ದೇವೆ.

*

ಬರೀ ಬೈದು ಹೋಗಬಾರದು, ಏನು ಮಾಡಬಹುದು ಅಂತಲೂ ಹೇಳಬೇಕು ಅಂತ ಒಬ್ಬ ಹಿರಿಯ ಬ್ಲಾಗಿಗರು ಹಿಂದೆ ಬುದ್ಧಿ ಹೇಳಿದ್ದರು. ಹಾಗಾಗಿ ನನ್ನ ನಾಲ್ಕು ಬೇಡಿಕೆ. ಮೆಟ್ರೋ ಕೇಳ್ತಿಲ್ಲ, ಹೆದರಬೇಡಿ.

ಒಂದು, ಕಮಲಾಪುರ ಬಸ್ ನಿಲ್ದಾಣ, ರೈಲ್ವೆ ಸ್ಟೇಶನ್, ಮಹಾಗಾಂವ ಕ್ರಾಸಿನಂಥ ಕೂಡುದಾರಿಗಳಲ್ಲಿ ನೆರಳಿರುವ ಸೈಕಲ್ ಸ್ಟ್ಯಾಂಡು. ಮೇಲೆ ನಾಲ್ಕು ತಗಡು, ಕೆಳಗೆ ಬೀಗ ಹಾಕಲು ಕಬ್ಬಿಣದ ಸರಳು, ಕಾಯಲು ಒಬ್ಬ ಮನುಷ್ಯ. ಸೈಕಲ್ ಕಳುವಾಗುವ ಹೆದರಿಕೆ ಇರುವ ತನಕ ಯಾರೂ ಅದನ್ನು ಕ್ರಾಸಿನಲ್ಲಿ ಬಿಟ್ಟು ಬಸ್ ಹತ್ತೋದಿಲ್ಲ. ಪಕ್ಕದಲ್ಲಿ ಒಂದು ಪಂಕ್ಚರ್ ಅಂಗಡಿಗೆ ಜಾಗ ಕೊಟ್ಟರೆ ಕಾವಲಿನ ಖರ್ಚೂ ಉಳೀತದೆ.

ಎರಡು, ಹಳ್ಳಿ ಬಸ್ಸಿನ ವೇಳೆ ಗೋಡೆ ಮೇಲೆ ಬರೆಯಿರಿ. ಸುಣ್ಣದ ಗೋಡೆ, ಕಪ್ಪು ಪೇಂಟು, ಕನ್ನಡದಲ್ಲಿ ದೊಡ್ಡ ಅಕ್ಷರ. ಮೊದಲ ಬಸ್ಸು ಎಷ್ಟಕ್ಕೆ, ಕೊನೇ ಬಸ್ಸು ಎಷ್ಟಕ್ಕೆ. ಕಮಲಾಪುರ ತಾಲೂಕು ಆದ ಮೇಲೆ ಡೊಂಗರಗಾಂವದವರೋ ಓಕಳಿಯವರೋ ತಹಸೀಲ್ದಾರ್ ಕಚೇರಿಗೆ ಹೋಗಿ ಕೆಲಸ ಮುಗಿಸಿ ಅವತ್ತೇ ಬಸ್ಸಿನಲ್ಲಿ ಮನೆ ಸೇರುವಂತಿರಬೇಕು. ತಾಲೂಕು ಅಂದ್ರೆ ಬೋರ್ಡ್ ಅಲ್ಲ, ಹೋಗಿ ಬರೋ ದಾರಿ.

ಮೂರು, ಸಿಟಿ ಬಸ್ಸಿಗೂ ಹಳ್ಳಿ ಬಸ್ಸಿಗೂ ಒಂದೇ ಟಿಕೆಟ್ಟು. 2025ರ ಜನವರಿಯಲ್ಲಿ ದರ ಶೇ. 15 ಏರಿದ ಮೇಲೆ ಗಂಡಸರ ಜೇಬಿಗೆ ಇದು ಇನ್ನೂ ತಟ್ಟಿದೆ. ಕಮಲಾಪುರದಿಂದ ಬಂದ ಗಾರೆ ಕೆಲಸದವನು ಕೇಂದ್ರ ನಿಲ್ದಾಣದಲ್ಲಿ ಇಳಿದು ಸಿಟಿ ಬಸ್ ಹತ್ತಿ ಸೇಡಂ ರಸ್ತೆಗೆ ಹೋಗಬೇಕಾದರೆ ಮತ್ತೆ ಟಿಕೆಟ್ ಯಾಕೆ? ಟೊರೊಂಟೊದಲ್ಲಿ ಮಾಡಿದ ಎರಡು ತಾಸಿನ ಲೆಕ್ಕ ಕಲಬುರಗಿಯಲ್ಲಿ ಆಗದ ವಿದ್ಯೆ ಏನಲ್ಲ. ಟಿಕೆಟ್ ಮಶೀನು ಆಗಲೇ ಕಂಡಕ್ಟರ್ ಕೈಯಲ್ಲಿದೆ.

ನಾಲ್ಕು, ಮಕ್ಕಳ ಸೈಕಲ್ ಯೋಜನೆ ಮತ್ತೆ ಬರಲಿ. ಎಲ್ಲರಿಗೂ ಆಗದಿದ್ದರೆ ಶಾಲೆ ದೂರ ಇರುವ ಹಳ್ಳಿಗಳ ಹೆಣ್ಣುಮಕ್ಕಳಿಗಾದರೂ. 2025-26ರ ಬಜೆಟ್ಟಿನಲ್ಲಿ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಇಟ್ಟ ದುಡ್ಡು 5,000 ಕೋಟಿ. ಅಷ್ಟು ದೊಡ್ಡ ಗಂಟಿನಲ್ಲಿ ಎಂಟನೇ ತರಗತಿ ಹುಡುಗಿಯ ಸೈಕಲ್ಲಿಗೆ ಜಾಗ ಇಲ್ಲ ಅಂದ್ರೆ ಅಭಿವೃದ್ಧಿ ಅನ್ನೋ ಶಬ್ದದ ಅರ್ಥವನ್ನೇ ನೋಡಬೇಕಾಗ್ತದೆ.

ಬಸ್ಸಿನ ಮೇಲೆ ಮತ್ತೆ ಕ್ಯಾರಿಯರ್ ಹಾಕಿ ಅಂತ ಐದನೇ ಬೇಡಿಕೆಯೂ ಇತ್ತು. ಏಣಿ ಹತ್ತುವ ವಯಸ್ಸು ನನ್ನದೀಗ ಅಲ್ಲ ಅಂತ ಬಿಟ್ಟೆ. ಮೂತಿಗೆ ಸ್ಟ್ಯಾಂಡ್ ಹಾಕಿದರೆ ಬೇಡ ಅನ್ನೋದಿಲ್ಲ.

ಕೆನಡಾದಲ್ಲಿರುವ ಗೆಳೆಯರು ಇದನ್ನು ಓದಿದರೆ ಒಂದು ವಿನಂತಿ. ಮುಂದಿನ ಸಲ ಊರಿಗೆ ಬಂದಾಗ ಹೈದರಾಬಾದಿನಿಂದ ನೇರ ಟ್ಯಾಕ್ಸಿ ಮಾಡಿಕೊಂಡು ಬರೋದು ನಿಮ್ಮಿಷ್ಟ. ಆದರೆ ಒಂದು ದಿನ ಕಲಬುರಗಿಯಿಂದ ಕಮಲಾಪುರಕ್ಕೆ ಕೆಂಪು ಬಸ್ಸಿನಲ್ಲಿ ಹೋಗಿ ಬರ್ರಿ. ಆಮೇಲೆ ಚಹಾ ಅಂಗಡಿಯಲ್ಲಿ ಕೂತು ಟೊರೊಂಟೊದ ರಸ್ತೆ ಹೊಗಳುವಾಗ, ಸಾಸ್ಕಾಚುವಾನಿನಲ್ಲಿ ನಿಂತುಹೋದ ಬಸ್ಸಿನ ಕಥೆಯನ್ನೂ ಒಂದು ಸಲ ಹೇಳಿ. ನಾನು ಹೇಳಿದರೆ ನಮ್ಮವರು ನಂಬೋದಿಲ್ಲ, ನೀವು ಹೇಳಿದರೆ ನಂಬ್ತಾರೆ.

ಉಳಿದವರೂ ಬರೆಯಿರಿ. ನಿಮ್ಮೂರಿಗೆ ದಿನಕ್ಕೆ ಎಷ್ಟು ಬಸ್ಸು ಬರ್ತಾವೆ, ಹತ್ತು ವರ್ಷದ ಹಿಂದೆ ಎಷ್ಟು ಬರ್ತಿದ್ದವು? ಕೊನೇ ಬಸ್ಸು ಎಷ್ಟಕ್ಕೆ? ಲೆಕ್ಕ ನೆನಪಿದ್ದರೆ ಹಾಕಿ. ಕಡಿಮೆಯಾಗಿದ್ದರೆ ಈಗಲೇ ಕೇಳೋಣ, ಕೊನೇ ಬಸ್ಸು ಹೋದ ಮೇಲೆ ಕೇಳಲು ಕ್ರಾಸಿನಲ್ಲಿ ಯಾರೂ ನಿಂತಿರೋದಿಲ್ಲ.